ಪಂದ್ಯವಿಲ್ಲದ ವಾರದಲ್ಲಿ ಸೇಂಟ್ ಲೂಯಿಸ್

ಬುಧವಾರ

ಏರ್‌ಪೋರ್ಟಿನಿಂದ ಮನೆಗೆ ಹೋಗುವ ದಾರಿಯಲ್ಲೇ ಪುಟ್ಟ ವಿಷಯ ಹೇಳಿಬಿಟ್ಟ. "ಮಾವ, ಒಂದು ಎಡವಟ್ಟಾಗಿದೆ. ಶನಿವಾರ ಮ್ಯಾಚ್ ಇಲ್ಲಿಲ್ಲ. ಟೀಮು ಬೇರೆ ಊರಿಗೆ ಆಡೋಕೆ ಹೋಗಿದೆ."

ಅಮೆರಿಕದ ಸೇಂಟ್ ಲೂಯಿಸಿಗೆ ನಾನು ಬಂದದ್ದೇ ಇಲ್ಲಿನ ಫುಟ್ಬಾಲ್ ತಂಡ ಸಿಟಿ ಎಸ್‌ಸಿಯ ಪಂದ್ಯ ನೋಡಲು. ತಪ್ಪು ಅವನದಲ್ಲ. ಟಿಕೆಟ್ ಬುಕ್ ಮಾಡುವಾಗ ತಾರೀಖು ನೋಡಿ ಹೇಳಿದ್ದು ನಾನೇ. ಊರಿನ ಹೆಸರು ಮೊದಲು ಬಂದರೆ ಪಂದ್ಯ ಆ ಊರಲ್ಲೇ ಅಂದುಕೊಂಡಿದ್ದೆ. ಅಮೆರಿಕದಲ್ಲಿ ಹೊರಗಿನಿಂದ ಬಂದ ತಂಡದ ಹೆಸರನ್ನೇ ಮೊದಲು ಬರೆಯುವ ರೂಢಿ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ಅಕ್ಕನ ಮಗ ಪಾಪ, ತಾನೇ ತಪ್ಪು ಮಾಡಿದವನ ಹಾಗೆ ಮುಖ ಸಪ್ಪಗೆ ಮಾಡಿಕೊಂಡಿದ್ದ.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಹಲಸೂರಿನ ಹತ್ತಿರ. ಅಲ್ಲೇ ಪಕ್ಕದ ಗೌತಮಪುರದಲ್ಲಿ ಪೆಲೆಗೆ ಪ್ರತಿಮೆ ಇಟ್ಟಿದ್ದಾರೆ. ನಮ್ಮ ಕಡೆ ಹುಡುಗರು ಕ್ರಿಕೆಟ್ ಬ್ಯಾಟಿಗಿಂತ ಮೊದಲು ಚೆಂಡು ಒದೆಯುವುದನ್ನು ಕಲಿಯುತ್ತಿದ್ದರು. ಹಾಗಾಗಿ ಪುಟ್ಟ ಇಲ್ಲಿಗೆ ಕೆಲಸಕ್ಕೆ ಬಂದಾಗ ನನಗೆ ಆರ್ಚು ಅನ್ನುವ ಇಲ್ಲಿನ ಹೆಸರಾಂತ ಕಮಾನು, ಮಿಸ್ಸಿಸಿಪ್ಪಿ ನದಿ ಯಾವುದೂ ಮುಖ್ಯ ಅನಿಸಿರಲಿಲ್ಲ. ಸೇಂಟ್ ಲೂಯಿಸ್ ಅಂದರೆ ನನಗೆ ಫುಟ್ಬಾಲು. ಅಮೆರಿಕದವರು ಅದನ್ನು ಸಾಕರ್ ಅನ್ನುತ್ತಾರೆ, ಅನ್ನಲಿ ಬಿಡಿ.

ಸಂಜೆ ಆರ್ಚ್ ನೋಡಿಕೊಂಡು ಬಂದೆವು. 630 ಅಡಿ ಎತ್ತರ, 1965ರಲ್ಲಿ ಮುಗಿದದ್ದು. ನದಿ ಕೆಸರು ಬಣ್ಣದಲ್ಲಿ ಹರಿಯುತ್ತಿತ್ತು. ಫೋಟೋ ತೆಗೆದೆವು. ಅಷ್ಟೇ.

ರಾತ್ರಿ ಊಟಕ್ಕೆ ಕೂತಾಗ ನಾನೇ ಹೇಳಿದೆ: "ಮ್ಯಾಚ್ ಇಲ್ಲದಿದ್ದರೆ ಏನಂತೆ, ಆಡಿದವರ ಬೀದಿ ಇದೆಯಲ್ಲ, ಅದನ್ನು ತೋರಿಸು." ಪುಟ್ಟನಿಗೆ ಸಾಫ್ಟ್‌ವೇರ್ ಕೆಲಸ, ಮನೆಯಿಂದಲೇ ಮಾಡಬಹುದು. ಎರಡು ದಿನ ರಜೆ ಹಾಕಿದ.

ಗುರುವಾರ

ಮೊದಲು ಹೋದದ್ದು ಇದೇ ಊರಿನ ವಾಷಿಂಗ್ಟನ್ ಯೂನಿವರ್ಸಿಟಿಯ ಫ್ರಾನ್ಸಿಸ್ ಫೀಲ್ಡಿಗೆ. 1904ರ ಒಲಿಂಪಿಕ್ಸ್ ನಡೆದ ಜಾಗ. ಹಳೆಯ ಕಲ್ಲಿನ ಹೆಬ್ಬಾಗಿಲು ಇನ್ನೂ ಇದೆ. ಅದರ ಪಕ್ಕ ಒಲಿಂಪಿಕ್ ಬಳೆಗಳನ್ನು ಈಚೆಗೆ ನಿಲ್ಲಿಸಿದ್ದಾರೆ. ಒಳಗೆ ಟ್ರ್ಯಾಕಿನ ಮೇಲೆ ನಾಲ್ಕು ಹುಡುಗಿಯರು ಓಡುತ್ತಿದ್ದರು. ಬೇರೆ ಯಾರೂ ಇರಲಿಲ್ಲ.

ಆ ವರ್ಷ ಊರಲ್ಲಿ ದೊಡ್ಡ ಜಾಗತಿಕ ಜಾತ್ರೆ. ಒಲಿಂಪಿಕ್ಸ್ ಅದರ ಬಾಲಕ್ಕೆ ಕಟ್ಟಿದ ಹಾಗೆ ತಿಂಗಳುಗಟ್ಟಲೆ ನಡೆಯಿತು. ಫುಟ್ಬಾಲಿನ ಸರದಿ ಬಂದದ್ದು ನವೆಂಬರಿನಲ್ಲಿ. ಯುರೋಪಿನಿಂದ ಯಾರೂ ಬರಲಿಲ್ಲ. ಆಡಿದ್ದು ಮೂರೇ ಮೂರು ತಂಡ. ಕೆನಡಾದ ಗಾಲ್ಟ್ ಎಂಬ ಊರಿನ ಕ್ಲಬ್ಬು ಒಂದು. ಉಳಿದ ಎರಡೂ ಇದೇ ಊರಿನವು: ಕ್ರಿಶ್ಚಿಯನ್ ಬ್ರದರ್ಸ್ ಕಾಲೇಜಿನ ಹುಡುಗರು, ಮತ್ತು ಸೇಂಟ್ ರೋಸ್ ಎಂಬ ಚರ್ಚಿನ ತಂಡ. ಗಾಲ್ಟ್‌ನವರು ಕಾಲೇಜನ್ನು 7–0, ಚರ್ಚನ್ನು 4–0 ಅಂತ ಬಡಿದು ಚಿನ್ನ ತೆಗೆದುಕೊಂಡು ಹೋದರು. ಬೆಳ್ಳಿಗೆ ಕಾಲೇಜಿಗೂ ಚರ್ಚಿಗೂ ಪೈಪೋಟಿ. ಕಾಲೇಜು ಗೆದ್ದಿತು. ಸೇಂಟ್ ರೋಸ್‌ನವರು ಇಡೀ ಒಲಿಂಪಿಕ್ಸಿನಲ್ಲಿ ಎದುರಾಳಿಗೆ ಒಂದೂ ಗೋಲು ಹೊಡೆಯಲಿಲ್ಲ. ಆದರೂ ಕಂಚಿನ ಪದಕ ಸಿಕ್ಕಿತು!

"ಮಾವ, ನಮ್ಮ ಲೇಔಟ್ ಟೀಮನ್ನು ಕಳಿಸಿದ್ದರೂ ಪದಕ ಬರ್ತಿತ್ತಲ್ವಾ?" ಅಂದ ಪುಟ್ಟ.

ನಗು ಬಂತು. ಆದರೆ ಆ ಚರ್ಚಿನ ತಂಡವನ್ನು ನಾನು ಹಾಗೆ ಬಿಟ್ಟುಬಿಡಲಾರೆ. ಈ ಊರಿನ ಫುಟ್ಬಾಲಿನ ಬೇರು ಇರುವುದೇ ಅಲ್ಲಿ. ಐರಿಷರು, ಜರ್ಮನರು, ಇಟಲಿಯವರು, ಸ್ಪೇನಿನವರು ಒಬ್ಬರ ಹಿಂದೊಬ್ಬರು ಇಲ್ಲಿಗೆ ಬಂದರು. ಅವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಪ್ರತಿ ಬಡಾವಣೆಗೂ ಒಂದು ಚರ್ಚು, ಚರ್ಚಿಗೊಂದು ಶಾಲೆ, ಶಾಲೆಗೊಂದು ತಂಡ. ಸಿವೈಸಿ ಎಂಬ ಕ್ಯಾಥೊಲಿಕ್ ಯುವಕರ ಮಂಡಳಿ ಈ ತಂಡಗಳಿಗೆಲ್ಲ ಲೀಗ್ ನಡೆಸಿತು. ಪಾದ್ರಿಗಳೇ ವ್ಯವಸ್ಥಾಪಕರು. ಬೇರೆ ಊರಿನ ಮಕ್ಕಳು ಬೇಸ್‌ಬಾಲ್ ಮುಗಿಸಿ ಅಮೆರಿಕನ್ ಫುಟ್ಬಾಲಿಗೆ ಹೋದರೆ, ಇಲ್ಲಿಯವರು ಸಾಕರಿಗೆ ಬರುತ್ತಿದ್ದರು. ಇವತ್ತಿಗೂ ಇಲ್ಲಿ ಹೊಸಬರು ಸಿಕ್ಕರೆ ಮೊದಲು ಕೇಳುವುದು "ಯಾವ ಹೈಸ್ಕೂಲು?" ಅಂತ. ಪುಟ್ಟನಿಗೂ ಆಫೀಸಿನ ಮೊದಲ ದಿನವೇ ಈ ಪ್ರಶ್ನೆ ಬಂತಂತೆ. ಇವನು ಜಯನಗರದ ಶಾಲೆಯ ಹೆಸರು ಹೇಳಿದನಂತೆ. ನಮ್ಮಲ್ಲಿ "ಯಾವೂರಾಯ್ತು ತಮ್ಮದು?" ಅಂತ ಕೇಳುತ್ತೇವಲ್ಲ, ಅದೇ ಲೆಕ್ಕ. ಉತ್ತರ ಸಿಕ್ಕರೆ ಬೀದಿ, ಧರ್ಮ, ಅಪ್ಪನ ಕೆಲಸ ಎಲ್ಲಾ ಅಂದಾಜಾಗುತ್ತದೆ.

ಚರ್ಚಿನ ಲೀಗಿನಲ್ಲಿ ಬೆಳೆದ ಹುಡುಗರನ್ನು ಸೇಂಟ್ ಲೂಯಿಸ್ ಯೂನಿವರ್ಸಿಟಿ ಎತ್ತಿಕೊಂಡಿತು. 1959ರಿಂದ 1973ರ ಒಳಗೆ ಕಾಲೇಜು ಮಟ್ಟದ ರಾಷ್ಟ್ರೀಯ ಪ್ರಶಸ್ತಿ 10 ಸಲ. ಆ ದಾಖಲೆಯನ್ನು ಇನ್ನೂ ಯಾರೂ ಮುಟ್ಟಿಲ್ಲ. ತಂಡದಲ್ಲಿದ್ದವರು ಬಹುಪಾಲು ಊರ ಹುಡುಗರೇ. ಮಧ್ಯಾಹ್ನ ಆ ಮೈದಾನದ ಹೊರಗೂ ಒಂದು ಸುತ್ತು ಹಾಕಿದೆವು. ನಾವು ಹೋದಾಗ ಗೇಟಿಗೆ ಬೀಗ.

ಶುಕ್ರವಾರ

ಇವತ್ತಿನ ದಿನ ಪೂರ್ತಿ 'ದ ಹಿಲ್' ಬಡಾವಣೆಗೆ. ನನಗೆ ಇಡೀ ಪ್ರವಾಸದಲ್ಲಿ ಜಾಸ್ತಿ ಇಷ್ಟವಾದದ್ದು ಇದೇ.

ಹೆಸರು ಗುಡ್ಡ ಅಂತ, ಆದರೆ ಗುಡ್ಡ ಅನ್ನುವಷ್ಟೇನಿಲ್ಲ. ನೆಲದಡಿ ಒಳ್ಳೆಯ ಜೇಡಿಮಣ್ಣು ಇತ್ತು. ಅದನ್ನು ತೋಡಿ ಇಟ್ಟಿಗೆ ಮಾಡಲು ಇಟಲಿಯ ಲೊಂಬಾರ್ಡಿಯಿಂದಲೂ ಸಿಸಿಲಿಯಿಂದಲೂ ಜನ ಬಂದರು. ಇವತ್ತಿಗೂ ರಸ್ತೆ ಬದಿಯ ಬೆಂಕಿ ಆರಿಸುವ ನೀರಿನ ಕೊಳಾಯಿಗಳಿಗೆ ಇಟಲಿ ಬಾವುಟದ ಕೆಂಪು, ಬಿಳಿ, ಹಸಿರು ಬಳಿದಿದ್ದಾರೆ. ಮನೆಗಳು ಅಗಲ ಕಡಿಮೆ, ಉದ್ದ ಜಾಸ್ತಿ. ಮುಂಬಾಗಿಲಲ್ಲಿ ನಿಂತರೆ ಕೋಣೆ ದಾಟಿ ಕೋಣೆ, ಹಿತ್ತಿಲವರೆಗೂ ಕಾಣುತ್ತದೆ. ನಮ್ಮ ಹಲಸೂರಿನ ಹಳೆ ವಠಾರ ನೆನಪಾಯಿತು. ಅಂಗಳಕ್ಕೆ ಮೇರಿ ಮಾತೆಯ ಬೊಂಬೆ, ಪಕ್ಕದಲ್ಲಿ ಟೊಮೇಟೊ ಗಿಡ.

ಎಲಿಜಬೆತ್ ಅವೆನ್ಯೂದಲ್ಲಿ ಎದುರುಬದುರು ಎರಡು ಮನೆ. ಒಂದರಲ್ಲಿ ಯೋಗಿ ಬೆರಾ, ಇನ್ನೊಂದರಲ್ಲಿ ಜೋ ಗರಾಜಿಯೋಲಾ ಬೆಳೆದದ್ದು. ಇಬ್ಬರೂ ಬೇಸ್‌ಬಾಲಿನಲ್ಲಿ ಹೆಸರು ಮಾಡಿದವರು. ಪ್ರವಾಸಿಗಳು ಫೋಟೋ ತೆಗೆಯುವುದು ಇಲ್ಲೇ. ಆದರೆ ನಾನು ಹುಡುಕುತ್ತಿದ್ದದ್ದು ಅವರ ನೆರೆಹೊರೆಯ ನಾಲ್ವರನ್ನು: ಫ್ರಾಂಕ್ ಬೋರ್ಗಿ, ಚಾರ್ಲಿ ಕೊಲಂಬೊ, ಜೀನೊ ಪರಿಯಾನಿ, 'ಪೀ ವೀ' ಅಂತ ಕರೆಸಿಕೊಳ್ಳುತ್ತಿದ್ದ ಫ್ರಾಂಕ್ ವಾಲೇಸ್.

1950ರ ಜೂನ್ 29. ಬ್ರೆಜಿಲ್‌ನ ಬೆಲೊ ಹೊರಿಜಾಂಟೆ. ವಿಶ್ವಕಪ್‌ನಲ್ಲಿ ಇಂಗ್ಲೆಂಡಿಗೂ ಅಮೆರಿಕಕ್ಕೂ ಪಂದ್ಯ. ಇಂಗ್ಲೆಂಡಿನ ಕಡೆ ಬಿಲ್ಲಿ ರೈಟ್, ಟಾಮ್ ಫಿನ್ನಿ, ಸ್ಟಾನ್ ಮಾರ್ಟೆನ್ಸನ್, ಮುಂದೆ 1966ರಲ್ಲಿ ಕೋಚಾಗಿ ವಿಶ್ವಕಪ್ ಗೆಲ್ಲಿಸಿದ ಆಲ್ಫ್ ರಾಮ್ಸೆ. ಅಮೆರಿಕದ ಕಡೆ ಹೆಚ್ಚಿನವರು ಹಗಲು ಬೇರೆ ಕೆಲಸ ಮಾಡಿ ಬಿಡುವಿನಲ್ಲಿ ಆಡುವವರು. ಹನ್ನೊಂದರಲ್ಲಿ ಐದು ಜನ ಸೇಂಟ್ ಲೂಯಿಸಿನವರು. ಹಿಲ್‌ನ ಈ ನಾಲ್ವರ ಜೊತೆ ಹ್ಯಾರಿ ಕಿಯೋ, ಅವನು ಅಂಚೆ ಹಂಚುವವನು.

ಮೊದಲ ಅರ್ಧದಲ್ಲಿ ಫಿಲಡೆಲ್ಫಿಯಾದ ಶಾಲಾ ಮೇಷ್ಟ್ರು ವಾಲ್ಟರ್ ಬಾರ್ ದೂರದಿಂದ ಹೊಡೆದ. ಹೈಟಿಯ ಜೋ ಗೇಜನ್ಸ್ ಹಾರಿ ತಲೆ ಕೊಟ್ಟ. ನ್ಯೂಯಾರ್ಕಿನಲ್ಲಿ ಓದುತ್ತಾ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗ ಅವನು. ಚೆಂಡು ಬಲೆಯಲ್ಲಿ. ಆಮೇಲೆ ಪೂರ್ತಿ ಇಂಗ್ಲೆಂಡಿನ ದಾಳಿ. ಗೋಲು ಕಾದವನು ಬೋರ್ಗಿ. ಅವನು ಮೊದಲು ಬೇಸ್‌ಬಾಲ್ ಆಡಿದವನು, ಹಾಗಾಗಿ ಕೈ ಗಟ್ಟಿ. ಚೆಂಡನ್ನು ಕೈಯಿಂದಲೇ ಬಹುದೂರ ಎಸೆಯುತ್ತಿದ್ದ. ಮಾರ್ಟೆನ್ಸನ್ ಒಬ್ಬನೇ ನುಗ್ಗಿ ಬಂದಾಗ ಕೊಲಂಬೊ ಹಿಂದಿನಿಂದ ಬಂದು ಕೆಡವಿದ. ಈ ಕೊಲಂಬೊ ಬಿಸಿಲಿರಲಿ ಚಳಿಯಿರಲಿ ಕೈಗೆ ಚರ್ಮದ ಗವಸು ಹಾಕಿಯೇ ಆಡುವವನು. ಅಡ್ಡ ಹೆಸರೂ 'ಗ್ಲೌಸ್'. ಪಂದ್ಯ 1–0.

ಬೋರ್ಗಿಯ ಹೊಟ್ಟೆಪಾಡು ಏನು ಗೊತ್ತಾ? ಹಿಲ್‌ನಲ್ಲಿ ಸಂಬಂಧಿಕರ ಶವಸಂಸ್ಕಾರದ ಸಂಸ್ಥೆಯಲ್ಲಿ ಹೆಣದ ಗಾಡಿ ಓಡಿಸುವುದು. ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ್ದವನು. ವಾಲೇಸ್ ಜರ್ಮನರ ಕೈಗೆ ಸಿಕ್ಕಿ ಸೆರೆಯಲ್ಲಿದ್ದವನು. ಯುದ್ಧ ಮುಗಿದು ಐದೇ ವರ್ಷ. ಇಂಥವರಿಗೆ ಇಂಗ್ಲೆಂಡ್ ಅಂದರೆ ಎಷ್ಟು ಭಯ ಇದ್ದೀತು?

ಊರಿಗೆ ವಾಪಸ್ ಬಂದಾಗ ಮೆರವಣಿಗೆ ಇಲ್ಲ, ಬ್ಯಾಂಡಿಲ್ಲ. ಅಮೆರಿಕದಿಂದ ಆ ವಿಶ್ವಕಪ್‌ಗೆ ಹೋಗಿದ್ದ ಪತ್ರಕರ್ತ ಒಬ್ಬನೇ, ಅವನೂ ಈ ಊರಿನವನೇ: ಪೋಸ್ಟ್-ಡಿಸ್ಪ್ಯಾಚ್ ಪತ್ರಿಕೆಯ ಡೆಂಟ್ ಮೆಕ್‌ಸ್ಕಿಮಿಂಗ್. ರಜೆ ಹಾಕಿ, ಕೈಯಿಂದ ದುಡ್ಡು ಹಾಕಿಕೊಂಡು ಹೋಗಿದ್ದ. ಗೋಲು ಹೊಡೆದ ಗೇಜನ್ಸ್ ಹೈಟಿಗೆ ಮರಳಿದ. 1964ರಲ್ಲಿ ಅಲ್ಲಿನ ಸರ್ವಾಧಿಕಾರಿಯ ಕಡೆಯವರು ಹಿಡಿದುಕೊಂಡು ಹೋದರು. ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಅದೇ ವಿಶ್ವಕಪ್‌ಗೆ ನಮಗೂ ಜಾಗ ಸಿಕ್ಕಿತ್ತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪು. ನಾವು ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲ ಅಂತ ಒಂದು ಕಥೆ ಚಾಲ್ತಿಯಲ್ಲಿದೆ, ಅದನ್ನು ನಾನು ನಂಬುವುದಿಲ್ಲ. ಎರಡು ವರ್ಷ ಮೊದಲು, 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಫ್ರಾನ್ಸಿನ ವಿರುದ್ಧ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಜೊತೆಗೆ ನಮ್ಮ ಅಹ್ಮದ್ ಖಾನ್. ಅವರು ಬ್ರೆಜಿಲಿಗೆ ಹೋಗಿದ್ದರೆ ಏನಾಗುತ್ತಿತ್ತೋ. ಸೇಂಟ್ ಆಂಬ್ರೋಸ್ ಚರ್ಚಿನ ಮುಂದೆ, ಗಂಟುಮೂಟೆ ಹಿಡಿದು ನಿಂತ ವಲಸೆ ಗಂಡ ಹೆಂಡತಿಯ ಪ್ರತಿಮೆಯ ಪಕ್ಕ ಕೂತು ಇದನ್ನೆಲ್ಲ ಪುಟ್ಟನಿಗೆ ಹೇಳಿದೆ. ಅವನಿಗೆ ಹಸಿವಾಗಿತ್ತು.

ಊಟಕ್ಕೆ ಇಲ್ಲಿನ ಪ್ರಸಿದ್ಧ ಟೋಸ್ಟೆಡ್ ರವಿಯೋಲಿ. ಹೆಸರು ಟೋಸ್ಟ್, ಮಾಡುವುದು ಎಣ್ಣೆಯಲ್ಲಿ ಕರಿದು. ನೋಡಲು ನಾಲ್ಕು ಮೂಲೆಯ ಪುಟ್ಟ ಕರಿಗಡುಬು. ಮೇಲೆ ಬ್ರೆಡ್ ಪುಡಿಯ ಗರಿಗರಿ, ಒಳಗೆ ಸಾಮಾನ್ಯವಾಗಿ ದನದ ಮಾಂಸ. ನಾವು ಚೀಸಿನದು ತರಿಸಿಕೊಂಡೆವು. ಅದ್ದಿಕೊಳ್ಳಲು ಬಿಸಿ ಟೊಮೇಟೊ ಸಾರು. ಒಂದು ಚಿಟಿಕೆ ಅಚ್ಚಖಾರದ ಪುಡಿ ಬಿದ್ದಿದ್ದರೆ ಎಂಟು ತಿನ್ನುತ್ತಿದ್ದೆ. ಆರಕ್ಕೆ ನಿಲ್ಲಿಸಿದೆ.

ಶನಿವಾರ

ಗ್ರಾವಾ ಅವೆನ್ಯೂ ಹಿಡಿದು ದಕ್ಷಿಣಕ್ಕೆ ಹೊರಟೆವು. ಅರ್ಧ ದಾರಿಯಲ್ಲಿ ನಾನು "ನಿಲ್ಲಿಸು ನಿಲ್ಲಿಸು" ಅಂದೆ. ಎದುರಿಗೆ ಕ್ಯೂಟಿಸ್ ಅನ್ನುವ ಬೋರ್ಡು.

"ಮಾವ, ಅದು ಶವಸಂಸ್ಕಾರದವರ ಜಾಗ."

"ಗೊತ್ತು ಕಣೋ. ಅದಕ್ಕೇ ಫೋಟೋ ತೆಗಿ."

ಅವನು ಆ ಕಡೆ ಈ ಕಡೆ ನೋಡಿ, ಯಾರಾದರೂ ಅಳುತ್ತಾ ಹೊರಗೆ ಬಂದಾರು ಅಂತ ಹೆದರುತ್ತಾ ಗಡಿಬಿಡಿಯಲ್ಲಿ ಒಂದು ಕ್ಲಿಕ್ ಮಾಡಿದ. ಫೋಟೋದಲ್ಲಿ ನನ್ನ ಅರ್ಧ ತಲೆ ಇಲ್ಲ.

ಕ್ಯೂಟಿಸ್ ಅನ್ನುವುದು ಇಲ್ಲಿನ ಫುಟ್ಬಾಲಿನಲ್ಲಿ ದೊಡ್ಡ ಹೆಸರು. ಈ ಸಂಸ್ಥೆ ದುಡ್ಡು ಹಾಕಿ ನಡೆಸಿದ ತಂಡ 1956ರಿಂದ 1961ರವರೆಗೆ ಸತತ ಆರು ವರ್ಷ ರಾಷ್ಟ್ರೀಯ ಅಮೆಚೂರ್, ಅಂದರೆ ಹವ್ಯಾಸಿಗಳ, ಕಪ್ ಗೆದ್ದಿತು. 1957ರಲ್ಲಿ ಹವ್ಯಾಸಿ, ವೃತ್ತಿಪರ ಎಲ್ಲ ತಂಡಗಳೂ ಆಡುವ ದೊಡ್ಡ ಓಪನ್ ಕಪ್ಪೂ ಅವರದೇ, 1986ರಲ್ಲಿ ಮತ್ತೊಮ್ಮೆ. 1957ರಲ್ಲಂತೂ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಕೆನಡಾದ ಎದುರು ಅಮೆರಿಕ ಇಳಿಸಿದ್ದು ಹೆಚ್ಚುಕಡಿಮೆ ಕ್ಯೂಟಿಸ್ ತಂಡವನ್ನೇ. ಗೆಲ್ಲಲಿಲ್ಲ, ಆ ಮಾತು ಬೇರೆ.

ಈ ಊರಿನ ಹಳೆಯ ತಂಡಗಳ ಹೆಸರು ಕೇಳುತ್ತಾ ಹೋದರೆ ಅಂಗಡಿ ಬೀದಿಯಲ್ಲಿ ನಡೆದ ಹಾಗಿರುತ್ತದೆ. 1920ರಲ್ಲಿ ಇದೇ ರಾಷ್ಟ್ರೀಯ ಓಪನ್ ಕಪ್ ಗೆದ್ದ ಬೆನ್ ಮಿಲ್ಲರ್ಸ್ ಒಂದು ಟೋಪಿ ಕಂಪನಿಯ ತಂಡ. 1922ರ ಸ್ಕಲಿನ್ ಸ್ಟೀಲ್ ಉಕ್ಕಿನ ಕಾರ್ಖಾನೆಯದು. 1933, 34ರಲ್ಲಿ ಗೆದ್ದದ್ದು ಸ್ಟಿಕ್ಸ್, ಬೇರ್ ಅಂಡ್ ಫುಲ್ಲರ್ ಎಂಬ ಸಕಲ ಸಾಮಾನಿನ ಅಂಗಡಿ. ಮರುವರ್ಷ ಬಿಯರ್ ಕಂಪನಿಯೊಂದು ದುಡ್ಡು ಹಾಕಿತು, ಅವರೇ ಹುಡುಗರು ಸೆಂಟ್ರಲ್ ಬ್ರೂವರೀಸ್ ಅಂತ ಮತ್ತೆ ಕಪ್ ಎತ್ತಿದರು. ಬೋರ್ಗಿ, ಕೊಲಂಬೊ ಇದ್ದ ತಂಡ ಸಿಂಪ್ಕಿನ್ಸ್ ಫೋರ್ಡ್, ಅಂದರೆ ಕಾರು ಮಾರುವವರದು. ಇಂಗ್ಲೆಂಡನ್ನು ಸೋಲಿಸಿದ ವರ್ಷವೇ ಆ ತಂಡ ಓಪನ್ ಕಪ್ ಕೂಡ ಗೆದ್ದಿತ್ತು.

ನಮ್ಮ ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ ಅಂತ ಸರ್ಕಾರಿ ಸಂಸ್ಥೆಗಳ ತಂಡಗಳಿದ್ದ ಹಾಗೆ. ಅಪ್ಪ ಐಟಿಐನಲ್ಲಿದ್ದರು. ಭಾನುವಾರ ಪಂದ್ಯಕ್ಕೆ ಕರೆದುಕೊಂಡು ಹೋಗುವಾಗ "ನಮ್ಮ ಫ್ಯಾಕ್ಟರಿ" ಅನ್ನುತ್ತಿದ್ದರೇ ಹೊರತು "ನಮ್ಮ ಟೀಮು" ಅಂದದ್ದು ನಾನು ಕೇಳಿಲ್ಲ. ಇಲ್ಲಿನ ಒಂದು ವ್ಯತ್ಯಾಸ ಮಾತ್ರ ನನಗೆ ಹಿಡಿಸಿತು. ನಮ್ಮದು ಸರ್ಕಾರಿ ಕಾರ್ಖಾನೆ, ಆಟಗಾರನಿಗೆ ಪಿಂಚಣಿಯ ನೌಕರಿ ಸಿಗುತ್ತಿತ್ತು. ಇಲ್ಲಿ ಟೋಪಿ ಅಂಗಡಿಯವನಿಗೂ ಹೆಣದ ಪೆಟ್ಟಿಗೆಯವನಿಗೂ ಅದೇ ಬೀದಿಯ ಗಿರಾಕಿಗಳು ಬೇಕಿತ್ತು. ಶವಸಂಸ್ಕಾರದವನು ಜಾಹೀರಾತು ಹಾಕಲು ಫುಟ್ಬಾಲ್ ಅಂಗಿಗಿಂತ ಮರ್ಯಾದಸ್ಥ ಜಾಗ ಇನ್ನೆಲ್ಲಿ?

ಅಲ್ಲಿಂದ ಬೀವೊ ಬಡಾವಣೆ. ಬಿಯರ್ ಸಾಹುಕಾರ ಆಗಸ್ಟ್ ಬುಶ್ ಕಟ್ಟಿಸಿದ ಗಾಳಿಯಂತ್ರದ ಆಕಾರದ ಹಳೆ ಕಟ್ಟಡ ಊರಿನ ಗುರುತು. ಒಂದು ಕಾಲಕ್ಕೆ ಜರ್ಮನರ ಕಡೆ. 1990ರ ದಶಕದಲ್ಲಿ ಯುದ್ಧದಿಂದ ತಪ್ಪಿಸಿಕೊಂಡು ಬಂದ ಬೋಸ್ನಿಯಾದ ಸಾವಿರಾರು ಸಂಸಾರಗಳು ಇಲ್ಲಿ ನೆಲೆಯಾದವು. ಖಾಲಿ ಬಿದ್ದಿದ್ದ ಇಟ್ಟಿಗೆ ಮನೆಗಳಿಗೆ ದೀಪ ಬಂತು. ಸರಾಯೆವೊದಲ್ಲಿರುವ ಮರದ ಕಾರಂಜಿ ಮಂಟಪದ ಒಂದು ನಕಲನ್ನು 2013ರಲ್ಲಿ ರಸ್ತೆ ಬದಿಯಲ್ಲೇ ಕಟ್ಟಿದ್ದಾರೆ. ಸೆಬಿಲ್ ಅನ್ನುತ್ತಾರೆ.

ಕಾಫಿ ಕುಡಿಯಲು ಒಂದು ಚಿಕ್ಕ ಅಂಗಡಿಗೆ ಹೋದೆವು. ತಾಮ್ರದ ತಟ್ಟೆ, ಉದ್ದ ಹಿಡಿಯ ತಾಮ್ರದ ಪಾತ್ರೆ, ಹಿಡಿಯಿಲ್ಲದ ಪುಟ್ಟ ಬಟ್ಟಲು, ಎರಡು ಸಕ್ಕರೆ ಗಟ್ಟಿ, ಒಂದು ತುಂಡು ಜೆಲ್ಲಿಯಂಥ ಮಿಠಾಯಿ. ನಾನು ನಮ್ಮ ಫಿಲ್ಟರ್ ಕಾಫಿಯ ಗತ್ತಿನಲ್ಲಿ ಎತ್ತಿ ಸುರಿದುಕೊಂಡೆ. ಬಾಯಿ ತುಂಬ ಚರಟ! ಅಂಗಡಿಯಮ್ಮ ನಗು ತಡೆದುಕೊಂಡು ಬಂದು ತೋರಿಸಿದಳು. ಸ್ವಲ್ಪ ಹೊತ್ತು ಬಿಡಬೇಕು, ಚರಟ ತಳಕ್ಕೆ ಇಳಿಯಬೇಕು. ಸಕ್ಕರೆಯ ಮೂಲೆಯನ್ನು ಕಾಫಿಗೆ ಅದ್ದಿ ಕಚ್ಚಬೇಕು, ಆಮೇಲೆ ಒಂದು ಗುಟುಕು. ಅವಸರವೇ ಮಾಡಬಾರದು. ಎರಡನೇ ಬಟ್ಟಲು ಸರಿಯಾಗಿ ಕುಡಿದೆ. ನಮ್ಮ ಕಾಫಿಗೆ ಸಮ ಅಂತ ಹೇಳಲಾರೆ, ಆದರೆ ಅಮೆರಿಕದಲ್ಲಿ ಕುಡಿದದ್ದರಲ್ಲಿ ಇದೇ ಚೆನ್ನ.

ಈ ಬೀದಿಗಳಿಂದ ಹೋದ ಹುಡುಗ ವೆದಾದ್ ಇಬಿಶೆವಿಚ್. 1992ರಲ್ಲಿ ಅವನಿಗೆ ಏಳು ವರ್ಷ. ಬೋಸ್ನಿಯಾದ ಅವನ ಹಳ್ಳಿಗೆ ಸೈನಿಕರು ನುಗ್ಗಿದಾಗ ಅಮ್ಮ ತೋಡಿದ ಗುಂಡಿಯಲ್ಲಿ ಅಡಗಿ ಬದುಕಿದ್ದನ್ನು ಮುಂದೆ ತಾನೇ ಹೇಳಿಕೊಂಡಿದ್ದಾನೆ. ಹದಿಹರೆಯದಲ್ಲಿ ಸೇಂಟ್ ಲೂಯಿಸಿಗೆ ಬಂದ. ರೂಸ್‌ವೆಲ್ಟ್ ಹೈಸ್ಕೂಲ್, ಆಮೇಲೆ ಒಂದು ವರ್ಷ ಸೇಂಟ್ ಲೂಯಿಸ್ ಯೂನಿವರ್ಸಿಟಿ, ಅಲ್ಲಿಂದ ಪ್ಯಾರಿಸ್, ಜರ್ಮನಿ. 2014ರಲ್ಲಿ ಬೋಸ್ನಿಯಾ ಮೊದಲ ಸಲ ವಿಶ್ವಕಪ್ ಆಡಿತು. ರಿಯೊದ ಮರಕಾನಾದಲ್ಲಿ ಅರ್ಜೆಂಟೀನಾ ಎದುರು. 2–1 ಸೋತರು. ಆ ಒಂದು ಗೋಲು, ದೇಶದ ಮೊತ್ತಮೊದಲ ವಿಶ್ವಕಪ್ ಗೋಲು, ಇವನದು. ಗೋಲಿಯ ಎರಡು ಕಾಲಿನ ನಡುವೆ ತೂರಿಸಿದ್ದ.

ಅಂದರೆ ಈ ಊರಿನವರ ಎರಡು ದೊಡ್ಡ ದಿನಗಳೂ ಬ್ರೆಜಿಲಿನಲ್ಲೇ, 64 ವರ್ಷದ ಅಂತರದಲ್ಲಿ. ಎರಡೂ ಸಲ ಆಡಿದವರು ಬೇರೆಲ್ಲಿಂದಲೋ ಗಂಟುಮೂಟೆ ಕಟ್ಟಿಕೊಂಡು ಬಂದವರ ಮನೆಯವರು. ಒಂದು ಸಲ ಅಮೆರಿಕದ ಅಂಗಿಯಲ್ಲಿ, ಇನ್ನೊಂದು ಸಲ ಬಿಟ್ಟುಬಂದ ದೇಶದ ಅಂಗಿಯಲ್ಲಿ.

ಭಾನುವಾರ

ಬೆಳಿಗ್ಗೆ ಬಾಲ್ವಿನ್‌ನ ಹಿಂದೂ ದೇವಸ್ಥಾನ. ಪುಟ್ಟನ ಗೆಳೆಯರು ನಾಲ್ಕೈದು ಕನ್ನಡದ ಸಂಸಾರ ಸಿಕ್ಕವು. ಮಕ್ಕಳೆಲ್ಲ ಸಾಕರ್ ಕ್ಲಾಸಿಗೆ ಹೋಗುತ್ತಾರಂತೆ. ಒಬ್ಬ ಹುಡುಗ ದೇವಸ್ಥಾನಕ್ಕೂ ಮೊಣಕಾಲುದ್ದದ ಕಾಲುಚೀಲದಲ್ಲೇ ಬಂದಿದ್ದ.

ಮಧ್ಯಾಹ್ನ ಕೊನೆಗೆ ಆ ಸ್ಟೇಡಿಯಂ. ಪಂದ್ಯ ಇಲ್ಲದಿದ್ದರೂ ನೋಡದೆ ಹೋಗುವುದು ಹೇಗೆ. ಯೂನಿಯನ್ ಸ್ಟೇಷನ್ ದಾಟಿದರೆ ಸಿಗುತ್ತದೆ. 22,500 ಸೀಟು. ಸಿಟಿ ಎಸ್‌ಸಿ ತಂಡ 2023ರಲ್ಲಿ ಅಮೆರಿಕದ ಮೇಲ್ಮಟ್ಟದ ವೃತ್ತಿಪರ ಲೀಗಿಗೆ ಕಾಲಿಟ್ಟಿತು, ಮೊದಲ ಐದೂ ಪಂದ್ಯ ಗೆದ್ದಿತು. ಹೊಸ ತಂಡವೊಂದು ಹಾಗೆ ಶುರು ಮಾಡಿದ್ದು ಅದೇ ಮೊದಲು. ಮೈದಾನ ರಸ್ತೆಗಿಂತ ಕೆಳಗೆ ಇದೆ. ಕಂಬಿಯ ಸಂದಿಯಿಂದ ಇಣುಕಿದರೆ ಒಂದು ತುಣುಕು ಹಸಿರು ಕಾಣುತ್ತದೆ. ನೀರು ಚಿಮ್ಮುವ ಪೈಪು ತನ್ನಷ್ಟಕ್ಕೆ ತಿರುಗುತ್ತಿತ್ತು.

ನಾನು ಜಾಸ್ತಿ ಹೊತ್ತು ನಿಂತದ್ದು ಹೊರಗಿನ ಮೂಲೆಯಲ್ಲಿ. ಅಲ್ಲಿ ಮರಳು ಗಡಿಯಾರದ ಆಕಾರದ ಎಂಟು ಕಲ್ಲಿನ ಕಂಬ. ಡೇಮನ್ ಡೇವಿಸ್ ಎಂಬ ಕಲಾವಿದ ಮಾಡಿದ್ದು, ತಂಡದ ಮೊದಲ ಪಂದ್ಯಕ್ಕೆ ಸ್ವಲ್ಪ ಮುಂಚೆ ಅನಾವರಣವಾಯಿತು. ಈ ಜಾಗ ಮೊದಲು ಮಿಲ್ ಕ್ರೀಕ್ ವ್ಯಾಲಿ. ಸುಮಾರು 20 ಸಾವಿರ ಜನ ಇದ್ದ ಬಡಾವಣೆ, ಹೆಚ್ಚುಕಡಿಮೆ ಎಲ್ಲರೂ ಕಪ್ಪು ಜನ. ಮನೆ, ಅಂಗಡಿ, ನಲವತ್ತಕ್ಕೂ ಹೆಚ್ಚು ಚರ್ಚು. ಕೊಳೆಗೇರಿ ತೆಗೆಯುತ್ತೇವೆ ಅಂತ ಹೇಳಿ 1959ರಲ್ಲಿ ಕೆಡವಲು ಶುರು ಮಾಡಿದರು. ಬೋಳಾದ ನೆಲಕ್ಕೆ ಜನ 'ಹಿರೋಶಿಮಾ ಫ್ಲಾಟ್ಸ್' ಅಂದರು. ಆಮೇಲೆ ಹೆದ್ದಾರಿಯ ಏರುಹಾದಿ ಬಂತು, ಅದನ್ನು ತೆಗೆದು ಈಗ ಸ್ಟೇಡಿಯಂ.

1959. ಯೂನಿವರ್ಸಿಟಿ ತಂಡ ಮೊದಲ ಪ್ರಶಸ್ತಿ ಗೆದ್ದ ವರ್ಷವೂ ಅದೇ. ಎರಡೂ ಜಾಗಕ್ಕೆ ದೂರ ಏನೂ ಇಲ್ಲ, ನಡೆದೇ ಹೋಗಬಹುದು. ನಾಲ್ಕು ದಿನದಿಂದ ನಾನು ಚರ್ಚು, ಬೀದಿ, ತಂಡ ಅಂತ ಹಾಡಿ ಹೊಗಳುತ್ತಿದ್ದೆನಲ್ಲ, ಆ ಕಥೆಯಲ್ಲಿ ಈ ನಲವತ್ತು ಚರ್ಚು ಎಲ್ಲೂ ಬಂದಿರಲಿಲ್ಲ. ನಾನು ಓದಿಕೊಂಡು ಬಂದಿದ್ದರಲ್ಲೂ ಇರಲಿಲ್ಲ. ಪುಟ್ಟನಿಗೆ ಹೇಳಿದೆ. ಅವನು ಒಂದು ಕಂಬದ ಸೊಂಟದ ಹತ್ತಿರ ಕೈಯಿಟ್ಟು ನೋಡಿದ. ಬಿಸಿಲಿಗೆ ಕಾದಿತ್ತು.

"ಮಾವ, ಗೋಲ್ ಪೋಸ್ಟ್ ಇರೋ ಜಾಗದಲ್ಲಿ ಯಾರದೋ ಮನೆ ಇತ್ತಾ ಹಾಗಾದ್ರೆ?"

"ಇದ್ದಿರಬೇಕು."

ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆವು. ಆಮೇಲೆ ಅವನ ಫೋನು ಕುಂಯ್ ಅಂತು. ಪಾರ್ಕಿಂಗ್ ಟೈಮು ಮುಗಿಯಲು ಇನ್ನು ಐದೇ ನಿಮಿಷ.